ರೇಡಿಯೋ ಸಲೂನ್

ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ರೇಡಿಯೋ ಸಲೂನ್' ಎಂದು ಬರೆಸಿದವನು ಅಂಗಡಿಯ ಕ್ಷೌರಿಕನೇ. ಕೇಳಿದ ಗಿರಾಕಿಗಳಿಗೆಲ್ಲ ಆ ಹೆಸರಿನ ಕಥೆಯನ್ನೂ ನಗುನಗುತ್ತಾ ಹೇಳುತ್ತಿದ್ದ. ಅವನ ಹೆಂಡತಿಗೆ ಮಾತ್ರ ಆ ಬೋರ್ಡು ಕಂಡರೇ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಇನ್ನೇನು? ಚಿಕ್ಕಂದಿನಲ್ಲಿ ಅವನಿಗೆ ಉಗ್ಗು ಇತ್ತು. ಮಾತು ಗಂಟಲಲ್ಲಿ ಸಿಕ್ಕಿಕೊಂಡರೆ ಸಾಕು, ಶಾಲೆಯ ಹುಡುಗರು ಅವನ ಕಿವಿ ಹಿಡಿದು ರೇಡಿಯೋ ಗುಂಡಿಯಂತೆ ತಿರುಪುತ್ತಿದ್ದರು. "ಸ್ಟೇಷನ್ ಸಿಗ್ತಿಲ್ಲ ಕಣ್ರೋ, ಇನ್ನೊಂಚೂರು ತಿರುಗ್ಸಿ!" ಕಿವಿ ಕೆಂಪಗೆ ಊದಿಕೊಳ್ಳುತ್ತಿತ್ತು. ಮೇಷ್ಟ್ರಾದರೂ ಬಿಡಿಸಿದರೇ? ಅವರೂ ಹಲ್ಲು ಕಿರಿದರು. ದೊಡ್ಡ ಮನುಷ್ಯರು! ಕೊನೆಗೆ ಹುಡುಗನೇ ದಾರಿ ಕಂಡುಕೊಂಡ. ಅವರು ಕೈ ಹಾಕುವ ಮೊದಲೇ ತನ್ನ ಕಿವಿಯನ್ನು ತಾನೇ ತಿರುಪಿಕೊಂಡು, ವಾರ್ತೆ ಓದುವವರ ಗಡಸು ದನಿಯಲ್ಲಿ ಶುರುಮಾಡಿದ: "ಕೇಳುಗರೇ, ಇದೀಗ ಮುಖ್ಯಾಂಶಗಳು!" ಆ ದನಿಯಲ್ಲಿ ಉಗ್ಗೇ ಇರಲಿಲ್ಲ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು, ಕಿವಿಯನ್ನು ಬಿಟ್ಟರು, ಅವನಿಗೆ 'ರೇಡಿಯೋ' ಎಂದೇ ಹೆಸರಿಟ್ಟರು. ಪಾಪ, ಹುಡುಗ ಬದುಕಿಕೊಂಡ. ಅದಕ್ಕೆ ಅವನನ್ನು ಯಾರೂ ದೂರುವಂತಿಲ್ಲ.

ಆದರೆ ಆ ಹುಡುಗರೆಲ್ಲ ದೊಡ್ಡವರಾದ ಮೇಲೂ ಇವನು ಆ ದನಿ ಬಿಡಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಗೂ ತಮಾಷೆ ಎನಿಸಿತ್ತು. "ಮನೆಯೊಡತಿ ಇಂದು ಅಡುಗೆಗೆ ಉಪ್ಪು ಹಾಕಲು ಮರೆತಿದ್ದಾರೆ" ಎಂದರೆ ಬಿದ್ದು ಬಿದ್ದು ನಗುತ್ತಿದ್ದಳು. ತನ್ನ ಹೆತ್ತ ತಾಯಿ ಸತ್ತ ದಿನವೂ ಅವನು ಬಾಗಿಲಲ್ಲಿ ನಿಂತು, "ಇದೀಗ ಬಂದ ಸುದ್ದಿ, ನಮ್ಮ ತಾಯಿಯವರ ಪ್ರಸಾರ ಮುಕ್ತಾಯಗೊಂಡಿದೆ" ಎಂದಾಗ ಅವಳ ಕೈಯಲ್ಲಿದ್ದ ಪಾತ್ರೆ ಜಾರಿ ಬಿತ್ತು. ಅವನು ಕಲ್ಲು ಮನಸ್ಸಿನವನಲ್ಲ. ಆದರೆ ಅಳುವುದಕ್ಕೂ ಸ್ವಂತ ದನಿ ಬೇಕಲ್ಲ! ಅಷ್ಟು ವರ್ಷ ಒಂದೇ ಸೂರಿನಡಿ ಬಾಳಿದರೂ ಗಂಡನ ದನಿ ಹೇಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಅದನ್ನೂ ಸಹಿಸಿಕೊಂಡಳು. ಸಹಿಸಲಾಗದ್ದು ಮಗಳ ವಿಷಯ. ಉಗ್ಗು ಮಗಳಿಗೂ ಬಂದಿತ್ತು. ಆದರೆ ಅವಳು ಯಾರ ದನಿಯನ್ನೂ ಎರವಲು ತರಲಿಲ್ಲ. ಎದುರಿನವರು ಕಾದರೆ ಕಾಯಲಿ ಎಂದು ತಡವರಿಸುತ್ತಲೇ ಮಾತು ಮುಗಿಸುತ್ತಿದ್ದಳು. ಓದು ಮುಗಿಸಿ ಮನೆಯಲ್ಲಿದ್ದ ಅವಳು ಒಂದು ದಿನ ಓಡೋಡಿ ಸಲೂನಿಗೆ ಬಂದಳು. ಒಗೆದ ಟವೆಲುಗಳ ಗಂಟು ತಂದಿದ್ದ ತಾಯಿಯೂ ಅಲ್ಲೇ ಇದ್ದಳು.

"ಅಪ್ಪಾ, ನಂಗೆ ಕ... ಕ... ಕ..."

ಬೆಂಚಿನ ಮೇಲಿದ್ದವರು ಪೇಪರು ಇಳಿಸಿ ನೋಡಿದರು. ಯಾರಾದರೂ ನಗುವ ಮೊದಲೇ ಅಪ್ಪನ ಕೈ ತಾನಾಗಿ ಮುಂದೆ ಬಂದು ಮಗಳ ಕಿವಿ ತಿರುಪಿತು. "ಕೇಳುಗರೇ, ಸ್ಟೇಷನ್ ಸಿಗುತ್ತಿಲ್ಲ, ದಯವಿಟ್ಟು ಸಹಕರಿಸಿ!"

ಸಲೂನು ಗೊಳ್ಳೆಂದಿತು. ಮಗಳು ಮಾತು ಮುಗಿಸದೆ ಹೊರಟುಹೋದಳು.

ಹೆಂಡತಿ ಗಂಟನ್ನು ನೆಲಕ್ಕೆ ಕುಕ್ಕಿದಳು. ಗಿರಾಕಿಗಳಿದ್ದರೆ ಇರಲಿ! "ನಾಚ್ಕೆ ಆಗಲ್ವೇನ್ರೀ ನಿಮ್ಗೆ?"

"ಇತರರು ನಗುವ ಮೊದಲೇ ನಾವೇ ನಗಿಸಿದರೆ ನೋವು ಕಡಿಮೆ ಎಂದು ತಿಳಿದುಬಂದಿದೆ."

"ಆವತ್ತು ನಿಮ್ ಕಿವಿ ಹಿಂಡಿದ್ದು ಬೀದಿ ಹುಡುಗ್ರು. ಇವತ್ತು ಅವಳ ಕಿವಿ ಹಿಂಡಿದ್ದು ಯಾರು? ಅದನ್ನೂ ವಾರ್ತೇಲಿ ಹೇಳ್ರೀ!"

ರೇಡಿಯೋ ತನ್ನ ಕೈಯನ್ನೇ ನೋಡಿಕೊಂಡ.

ಅಲ್ಲಿಂದಾಚೆಗೆ ಮಗಳು ಅಪ್ಪನೊಂದಿಗೆ ಮಾತು ಬಿಟ್ಟಳು. ಬೆಳಿಗ್ಗೆ ಎದ್ದು ಎಲ್ಲಿಗೋ ಹೋಗುತ್ತಿದ್ದಳು, ಸಂಜೆ ಬರುತ್ತಿದ್ದಳು. ತಾಯಿ ಕೇಳಿದರೆ, "ವ... ವಾರ್ತೇಲಿ ಬರುತ್ತೆ, ಕೇಳ್ಕೊ" ಎನ್ನುತ್ತಿದ್ದಳು.

ಒಂದು ರಜಾದಿನ ಟವೆಲು ಹೆಚ್ಚಾಗಿ ಗಂಟು ಎರಡಾಯಿತು. ತಾಯಿ ಬಲವಂತ ಮಾಡಿ ಮಗಳನ್ನೂ ಕರೆತಂದಳು. ಕುರ್ಚಿಯಲ್ಲಿ ಹಾರ್ಡ್‌ವೇರ್ ಅಂಗಡಿಯವನು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ. ಶಾಲೆಯಲ್ಲಿ ಮೊಟ್ಟಮೊದಲು ಕಿವಿ ತಿರುಪಿದವನು ಇವನೇ. ಅಂಥವನ ಕೆನ್ನೆಗೆ ಗಂಡ ಇಷ್ಟು ವರ್ಷ ಸೋಪು ಹಚ್ಚಿಕೊಂಡು ಬಂದಿದ್ದಾನಲ್ಲ ಎಂದು ಹೆಂಡತಿ ಹಲ್ಲು ಕಡಿದಳು.

"ಏನಮ್ಮಾ, ಸ್ಟೇಷನ್ ಸಿಗ್ತಾ?" ಎನ್ನುತ್ತಾ ಅವನು ಕೂತಲ್ಲಿಂದಲೇ ಮಗಳ ಕಿವಿಗೆ ಕೈ ಚಾಚಿದ.

ರೇಡಿಯೋ ಕ್ಷೌರದ ಕತ್ತಿ ಮಡಚಿದ. ಬಾಯಿ ತೆರೆದ. ಕುತ್ತಿಗೆಯ ನರ ಉಬ್ಬಿತು. "ಕ... ಕ... ಕೈ... ತ... ತೆಗಿ."

ತೆಳ್ಳಗಿನ, ಒಡೆದ ದನಿ. ಹೆಂಡತಿ ಅದನ್ನು ಕೇಳಿದ್ದು ಅದೇ ಮೊದಲು.

"ಏನೋ ರೇಡಿಯೋ, ತಮಾಷೆಗೆ..."

"ರೇ... ರೇಡಿಯೋ ಅ... ಅನ್ಬೇಡ. ಏ... ಏಳು ಮೇಲೆ."

ಅವನು ಎದ್ದ. ನೊರೆ ಒರೆಸಿಕೊಳ್ಳಲು ಟವೆಲಿಗೆ ಕೈ ನೀಡಿದರೆ ಹೆಂಡತಿ ಗಂಟನ್ನು ಹಿಂದಕ್ಕೆಳೆದುಕೊಂಡಳು. ಅರ್ಧ ಬೋಳಿಸಿದ ಮುಖದಲ್ಲೇ ಬೀದಿಗೆ ಇಳಿದುಹೋದ.

ಅಪ್ಪ ಮಗಳ ಕಡೆ ತಿರುಗಿದ. "ಆ... ಆವತ್ತು ಏ... ಏನೋ ಹೇಳೋಕ್ ಬಂದಿದ್ದೆ."

"ಕ... ಕಣ್ಣಾಸ್ಪತ್ರೇಲಿ ಕೆಲಸ ಸಿಕ್ತು ಅಂತ," ಎಂದಳು ಮಗಳು. "ರೋಗಿಗಳ ಹೆ... ಹೆಸರು ಕೂಗೋ ಕೆಲಸ. ಅಲ್ಲಿ ಯಾರೂ ನ... ನಗಲ್ಲಪ್ಪ. ಕಾಯ್ತಾರೆ."

ಅಪ್ಪ "ನಾ... ನಾ..." ಎಂದ. ಬೆಂಚಿನಲ್ಲಿದ್ದ ಒಬ್ಬ ಕೆಮ್ಮಿದ. ಹೆಂಡತಿ ಕಣ್ಣು ಕೆಕ್ಕರಿಸಿ ನೋಡಿದ್ದಕ್ಕೆ ಕೆಮ್ಮೂ ನಿಂತಿತು. ಮಗಳು ಗಂಟನ್ನು ಕೆಳಗಿಟ್ಟು, ಅಪ್ಪನ ಮಾತು ಮುಗಿಯಲಿ ಎಂದು ಬೆಂಚಿನ ಮೇಲೆ ಕೂತಳು.