ಕುಂಬಳಕಾಯಿ ಎತ್ತುವವರು

ಕಸದ ಕೆಲಸ ಮಾಡುವವರಿಗೆ ಹಬ್ಬ ಗೊತ್ತಾಗುವುದು ಹಬ್ಬದ ಮಾರನೆಯ ದಿನ. ತಮಿಳುನಾಡಿನ ಗಡಿಯ ನಮ್ಮ ಹೊಸೂರಿನಲ್ಲಂತೂ ಆಯುಧಪೂಜೆಯ ಮಾರನೆಯ ದಿನ. ಮೆಷಿನ್ನಿನ ಸದ್ದಿಲ್ಲದ ಬೀದಿಯನ್ನು ಇಲ್ಲಿ ಹುಡುಕಬೇಕು. ದೊಡ್ಡ ಕಾರ್ಖಾನೆಯ ಗೇಟಿನಿಂದ ಹಿಡಿದು ಪಂಚರ್ ಅಂಗಡಿಯ ತನಕ ಎಲ್ಲರೂ ಬಾಳೆಕಂದು ನಿಲ್ಲಿಸುತ್ತಾರೆ, ಮಾವಿನ ತೋರಣ ಬಿಗಿಯುತ್ತಾರೆ. ಕೊನೆಗೆ ಬೂದುಗುಂಬಳಕಾಯಿಯ ತಲೆ ಕೊಯ್ದು, ಒಳಗೆ ಕುಂಕುಮ ಸುರಿದು, ಮೇಲೆ ಕರ್ಪೂರ ಹಚ್ಚಿ, ಮೆಷಿನ್ನಿಗೂ ಮನುಷ್ಯರಿಗೂ ನಿವಾಳಿಸಿ ನಡುರಸ್ತೆಯಲ್ಲಿ ಒಡೆಯುತ್ತಾರೆ. ಒಡೆದವರು ಹಿಂತಿರುಗಿ ನೋಡಬಾರದು. ನೋಡದೆ ಒಳಗೆ ಹೋಗಿ ಪುರಿ ಕಡಲೆ ತಿನ್ನುತ್ತಾರೆ. ರಸ್ತೆಯ ಮೇಲೆ ಉಳಿದದ್ದು ಬೆಳಿಗ್ಗೆ ನಮ್ಮ ಪಾಲಿಗೆ ಬರುತ್ತದೆ.

ನಾನು ಊರಿನ ಒಣಕಸ ಮತ್ತು ಮರದೆಲೆ ಸಂಗ್ರಹದ ಕೆಲಸ ನೋಡಿಕೊಳ್ಳುವವಳು. ಮನೆಮಾತು ಕನ್ನಡ, ಓದಿದ್ದು ತಮಿಳಿನಲ್ಲಿ, ಜಗಳಕ್ಕೆ ತೆಲುಗೂ ಬರುತ್ತದೆ. ಮೊದಲೆಲ್ಲ ನಮ್ಮ ಬಡಾವಣೆಗಳಲ್ಲಿ ಉದುರಿದ ಹೊಂಗೆ, ಬೇವಿನ ಎಲೆಯನ್ನು ಮೂಲೆಗೆ ಗುಡಿಸಿ ಬೆಂಕಿ ಹಾಕುತ್ತಿದ್ದರು. ಆ ಹೊಗೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೇರಿಕೆ ಕಡೆಯ ರೈತರು ಗೊಬ್ಬರಕ್ಕೆ ಅಲೆಯುತ್ತಿದ್ದರು, ನಾವು ಗೊಬ್ಬರವಾಗುವುದನ್ನೇ ಸುಟ್ಟು ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಕಚೇರಿಯಲ್ಲಿ ಕಾಡಿ ಬೇಡಿ, ಕೆರೆ ಪಕ್ಕದ ಒಂದು ಪಾಳು ಜಾಗವನ್ನು ಪಡೆದೆ. ಗುಂಡಿ ತೋಡಿಸಿ ಎಲೆ ಕೊಳೆಹಾಕಿದೆವು. ತಳ್ಳುಗಾಡಿ ಹಿಡಿದು ಬೀದಿ ಬೀದಿಯಿಂದ ಎಲೆ ತರಲು ಆರೇಳು ಹೆಂಗಸರು ಸೇರಿಕೊಂಡರು. ಅವರೆಲ್ಲ ಹಿಂದೆ ಊರಾಚೆಯ ಕಸದ ಗುಡ್ಡದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಬಾಟಲಿ ಆಯುತ್ತಿದ್ದವರು. ಇಲ್ಲಿ ನೆರಳಿತ್ತು, ಕುಡಿಯಲು ನೀರಿತ್ತು.

ಜಾಗ ಕೊಟ್ಟಿದ್ದು ಮಾತ್ರ ನೋಡೋಣ ಎಂಬ ಮಾತಿನ ಮೇಲೆ. ಆಯುಧಪೂಜೆ ಹತ್ತಿರ ಬಂದಾಗ ಹಿರಿಯ ಅಧಿಕಾರಿ ಕರೆದು ತಮಿಳಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು. ಪ್ರತಿ ವರ್ಷ ಹಬ್ಬದ ಮಾರನೆಯ ದಿನ ಜೆಸಿಬಿ ತರಿಸಿ ಬಾಳೆಕಂದು, ಪ್ಲಾಸ್ಟಿಕ್, ಕುಂಬಳಕಾಯಿ ಎಲ್ಲವನ್ನೂ ಒಟ್ಟಿಗೆ ಬಾಚಿ ಲಾರಿಗೆ ತುಂಬುವುದು ರೂಢಿ. ಈ ಸಲ ನನ್ನ ಹೆಂಗಸರು ಮಧ್ಯಾಹ್ನದೊಳಗೆ ತಮ್ಮ ಪಾಲಿನ ಬೀದಿಗಳನ್ನು ತೆರವು ಮಾಡಿ, ಕೊಳೆಯುವುದನ್ನು ಬೇರೆ ಮಾಡಿ ತೋರಿಸಿದರೆ ಜಾಗ ನಮಗೇ. ಆಗದಿದ್ದರೆ ಅದನ್ನು ಲಾರಿ ನಿಲ್ಲಿಸಲು ಕೊಟ್ಟುಬಿಡುತ್ತಾರೆ. ನಾನು ಆಗಲಿ ಸಾರ್ ಎಂದೆ. ನನ್ನ ಬಾಯಲ್ಲಿ ಆಗಲಿ ಮೊದಲು ಬರುತ್ತದೆ, ಯೋಚನೆ ಆಮೇಲೆ.

ಹೆಂಗಸರನ್ನು ಕೂರಿಸಿಕೊಂಡು ವಿಷಯ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಒಬ್ಬಳನ್ನು ಬಿಟ್ಟು. ಅವಳು ಜವಳಗಿರಿ ಕಡೆಯವಳು, ಅವರಲ್ಲಿ ಹಿರಿಯಳು, ನಾನು ಅಕ್ಕ ಎಂದೇ ಕರೆಯುವುದು. ಹೊಲಕ್ಕೆ ನುಗ್ಗಿದ ಆನೆಯನ್ನು ತಗಡು ಬಡಿದು ಓಡಿಸಿ ಬೆಳೆದ ಹೆಂಗಸು.

“ಬಾಳೆಕಂದು ತತ್ತೀವಿ, ತೋರಣ ತತ್ತೀವಿ, ಚೆಲ್ಲಿದ್ ಪುರೀನೂ ಗುಡಿಸ್ತೀವಿ. ಕುಂಬ್ಳಕಾಯ್ ಮಾತ್ರ ಮುಟ್ಟಾಕಿಲ್ಲ ಮೇಡಂ,” ಎಂದಳು.

“ಸಲಿಕೇಲಿ ಎತ್ತಿ ಅಕ್ಕ, ಕೈ ಯಾಕ್ ತಾಗ್ಬೇಕು?”

“ದೃಷ್ಟಿಗೆ ಕೈ ಯಾವ್ದು ಸಲಿಕೆ ಯಾವ್ದು ಗೊತ್ತಾಯ್ತದಾ? ಮನೇಲಿ ಮಗ್ಳು ಬಾಣಂತಿ ಅವ್ಳೆ. ತೊಟ್ಲಲ್ಲಿ ಹಸುಗೂಸು ಅದೆ. ಊರೋರ್ದೆಲ್ಲಾ ಹೊತ್ಕಂಡೋಗಿ ಆ ತೊಟ್ಲತ್ರ ನಾನ್ ನಿಂತ್ಕಬೇಕಾ?”

ಅವಳು ಹಾಗೆಂದದ್ದೇ ತಡ, ಉಳಿದವರೂ ತಲೆಯಾಡಿಸುವುದನ್ನು ನಿಲ್ಲಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಯಾವ ಕಾಲದಲ್ಲಿದ್ದೀರಿ ಎಂದು ಕೂಗಾಡಿದೆ. ಜಾಗ ಹೋದರೆ ಮತ್ತೆ ಕಸದ ಗುಡ್ಡವೇ ಗತಿ ಎಂದು ಹೆದರಿಸಿಯೂ ನೋಡಿದೆ. ಕಡೆಗೆ, “ಬಿಡಿ, ಅದೆಷ್ಟಿದ್ರೂ ನಾನೇ ಎತ್ತೀನಿ” ಎಂದೆ. ಅಕ್ಕ ನನ್ನ ಮುಖ ನೋಡಿ ಮೆಲ್ಲಗೆ, “ನೀವ್ ಯಾಕ್ ಎತ್ತೀರಿ? ನಿಮ್ಗೂ ಮಕ್ಳವ್ರೆ. ಬ್ಯಾಡ” ಎಂದಳು. ಇಂಥ ಮಾತಿಗೆ ಯಾರು ತಾನೇ ಕೂಗಾಡಿಯಾರು? ಅಲ್ಲದೆ ರಸ್ತೆಯಲ್ಲಿ ಕುಂಬಳಕಾಯಿ ಕಂಡರೆ ನನ್ನ ಸ್ಕೂಟರೂ ಒಂದು ಮಾರು ದೂರ ಸರಿದೇ ಹೋಗುತ್ತದೆ.

ಹಿಡಿದ ಪಟ್ಟು ಬಿಡುವ ಜಾಯಮಾನ ನನ್ನದಲ್ಲ. ಒಡೆಯುವವರನ್ನೇ ಒಪ್ಪಿಸೋಣ ಎಂದು ವರ್ಕ್‌ಶಾಪಿನಿಂದ ವರ್ಕ್‌ಶಾಪಿಗೆ ಹೋದೆ. ಗೋಣಿಚೀಲ ಹಾಸಿ ಅದರ ಮೇಲೆ ಒಡೆಯಿರಿ, ನೀವೇ ಮಡಚಿ ಕೊಡಿ ಎಂದು ಕೇಳಿದೆ. ಹಲವರು ನಕ್ಕು ಕಾಫಿ ಕೊಟ್ಟು ಕಳಿಸಿದರು. ಕರ್ನಾಟಕದಿಂದ ಬಂದು ಇಲ್ಲಿ ಸಣ್ಣ ಕಾರ್ಖಾನೆ ಇಟ್ಟಿರುವ ಒಬ್ಬರು ಮಾತ್ರ ಯೋಚಿಸಿ ಹೇಳಿದರು: “ಚೀಲದ ಮೇಲೆ ಒಡೆದ್ರೆ ಚೀಲ ನಮ್ಮ ಬಾಗಿಲಲ್ಲೇ ಉಳಿಯುತ್ತಲ್ಲ ಮೇಡಂ. ಬೇಕಾದ್ರೆ ನಿಮ್ಮ ತಳ್ಳುಗಾಡಿ ತಂದು ನಿಲ್ಲಿಸಿ, ಅದರೊಳಗೇ ಒಡೀತೀವಿ.”

ನನಗೆ ಗೆದ್ದೆ ಅನ್ನಿಸಿತು. ಓಡಿಬಂದು ಹೆಂಗಸರಿಗೆ ಹೇಳಿದೆ. ಯಾರೂ ಏನನ್ನೂ ಮುಟ್ಟಬೇಕಾಗಿಲ್ಲ, ಗಾಡಿ ತಳ್ಳಿದರೆ ಸಾಕು ಎಂದೆ.

“ಅಂದ್ರೆ ಇಡೀ ಹೊಸೂರ್ ದೃಷ್ಟಿ ನಮ್ ಗಾಡೀಗಾ?” ಎಂದಳು ಅಕ್ಕ. ಅವಳ ದನಿಯಲ್ಲಿ ಜಗಳವಿರಲಿಲ್ಲ. “ಮಿಷನ್ಗೆ ತೆಗೀತಾರೆ, ಬಸ್ಸಿಗೆ ತೆಗೀತಾರೆ, ಸ್ಕೂಟ್ರಿಗೂ ತೆಗೀತಾರೆ. ನಮ್ಗೆ ಯಾವತ್ತಾರ ಯಾರಾರ ತೆಗ್ದವ್ರಾ ಮೇಡಂ?”

ಕಚೇರಿಯ ಪೂಜೆಯಲ್ಲಿ ಜೀಪಿಗೆ, ಕಂಪ್ಯೂಟರಿಗೆ, ಬೀರುವಿನ ಬಾಗಿಲಿಗೆ ಕೂಡ ಕುಂಕುಮವಿಡುತ್ತೇವೆ. ತಳ್ಳುಗಾಡಿಗಳು ಕೆರೆ ಪಕ್ಕದಲ್ಲಿ ಸರಪಳಿ ಬಿಗಿಸಿಕೊಂಡು ನಿಂತಿರುತ್ತವೆ. ಅವನ್ನೂ ತರಿಸಿ ಎಂದು ನಾನು ಒಂದು ದಿನವೂ ಹೇಳಿರಲಿಲ್ಲ, ನನಗದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಹಾಗಂತ ಜಾಗ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

“ನಾನು ತೆಗೀತೀನಿ,” ಎಂದೆ. “ಕೆಲಸ ಮುಗಿದ್ಮೇಲೆ, ಇಲ್ಲೇ. ಗಾಡಿಗೂ ನಿಮಗೂ. ತೆಗೆಸ್ಕೊಂಡೇ ಮನೆಗೆ ಹೋಗಿ.”

ಅವರು ಮೂರು ಭಾಷೆಯಲ್ಲೂ ಗುಸುಗುಸು ಮಾಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೆ ಅಕ್ಕನೇ ತೀರ್ಪು ಕೊಟ್ಟಳು. “ಎತ್ತೀವಿ. ಆದ್ರೆ ಗಾಡ್ಯೊಳ್ಗೆ ಒಡ್ಯದ್ ಬ್ಯಾಡ, ರಸ್ತೇಲ್ ಬಿದ್ದಿದ್ನ ಸಲಿಕೇಲೇ. ಮಧ್ಯೆ ಯಾರೂ ಮನೆ ಕಡೆ ತಲೆ ಹಾಕ್ಬಾರ್ದು. ತೆಗ್ದಾದ್ಮ್ಯಾಕೇ ಹೋಗದು.”

ಹಬ್ಬದ ಮಾರನೆಯ ಬೆಳಿಗ್ಗೆ ತುಂತುರು ಬಿದ್ದಿತ್ತು. ರಸ್ತೆಯಲ್ಲೆಲ್ಲ ಕುಂಕುಮದ ಕೆಂಪು ನೀರು ಹರಡಿ, ಬಿಳಿ ತಿರುಳು ಚಕ್ರಗಳಿಗೆ ಸಿಕ್ಕಿ ನುಣ್ಣಗಾಗಿತ್ತು. ನಮ್ಮ ಕಣ್ಣೆದುರೇ ಶಿಫ್ಟಿಗೆ ಹೊರಟಿದ್ದ ಒಬ್ಬರು ಬೈಕ್ ಸಮೇತ ಜಾರಿ ಬಿದ್ದರು. ಅವರನ್ನು ಎಬ್ಬಿಸಿ ಕೂರಿಸಿದ ಮೇಲೆ ಹೆಂಗಸರ ಸಲಿಕೆಗಳು ಇನ್ನೂ ಚುರುಕಾದವು. ಒಂದು ಗಾಡಿಗೆ ಬಾಳೆ, ಮಾವಿನೆಲೆ, ಇನ್ನೊಂದಕ್ಕೆ ಕಾಗದದ ತೋರಣ, ಪ್ಲಾಸ್ಟಿಕ್, ಮೂರನೆಯದಕ್ಕೆ ಕುಂಬಳಕಾಯಿ. ಅಕ್ಕ ಪ್ರತಿ ಸಲ ಎತ್ತುವಾಗಲೂ ಬಾಯೊಳಗೇ ಏನೋ ಹೇಳಿಕೊಳ್ಳುತ್ತಿದ್ದಳು. ಟೀ ಅಂಗಡಿಯ ಮುಂದೆ ಜೆಸಿಬಿ ಕಾದು ನಿಂತಿತ್ತು.

“ಏನ್ ಮೇಡಂ, ನಂಗ್ ಕೆಲ್ಸ ಇಲ್ವಾ?” ಎಂದ ಅದರ ಡ್ರೈವರು.

“ಟೀ ಕುಡಿಯಪ್ಪಾ. ಇವತ್ತು ನಿಂಗದೇ ಕೆಲ್ಸ,” ಎಂದೆ.

ಮಧ್ಯಾಹ್ನಕ್ಕೆ ಮುಂಚೆ ಬೀದಿಗಳು ಮುಗಿದವು. ಅಧಿಕಾರಿ ಬಂದು ಗಾಡಿಗಳನ್ನು ನೋಡಿದರು, ಗುಂಡಿಗಳನ್ನು ನೋಡಿದರು, ಸರಿ ಮುಂದುವರಿಸಿ ಎಂದು ಜೀಪು ಹತ್ತಿದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಹೆಂಗಸರು ಕುಣಿಯಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದರು.

ಗಾಡಿ, ಸಲಿಕೆಗಳನ್ನು ತೊಳೆದು ಕುಂಕುಮ ಇಟ್ಟೆವು. ಅವರೆಲ್ಲ ಗಾಡಿಗಳ ಪಕ್ಕ ಸಾಲಾಗಿ ನಿಂತರು. ನಾನು ಮೊದಲೇ ತಂದಿಟ್ಟಿದ್ದ ಕುಂಬಳಕಾಯಿ ಹಿಡಿದು, ಅಮ್ಮ ನನಗೆ ಮಾಡುತ್ತಿದ್ದಂತೆ, ಊರ ಕಣ್ಣು, ಕೇರಿ ಕಣ್ಣು, ಹೋದೋರ ಕಣ್ಣು, ಬಂದೋರ ಕಣ್ಣು ಎಂದು ಒಬ್ಬೊಬ್ಬರಿಗೂ ನಿವಾಳಿಸಿದೆ. ಕಿರಿಯಳೊಬ್ಬಳು ಕಣ್ಣು ಮುಚ್ಚಿ ಅಳುತ್ತಿದ್ದಳು. ಅಂಗಳದ ನಡುವೆ ಕಾಯಿ ಒಡೆದೆ. ಅವರು ಹಿಂತಿರುಗಿ ನೋಡದೆ ಗೇಟಿನತ್ತ ನಡೆದರು.

ಉಳಿದದ್ದು ನಾನು ಮತ್ತು ಒಡೆದ ಕಾಯಿ. ಇದನ್ನು ಎತ್ತುವವರು ಯಾರೆಂದು ನಾವು ಯಾರೂ ಮಾತಾಡಿಕೊಂಡಿರಲಿಲ್ಲ. ಹಾಗೇ ಬಿಟ್ಟರೆ ನಾಳೆ ಬೆಳಿಗ್ಗೆ ಅದು ಅವರ ಕೈಗೇ ಬರುತ್ತದೆ. ಸುಳ್ಳೇಕೆ ಹೇಳಲಿ, ಮಕ್ಕಳ ಮುಖ ಕಣ್ಣ ಮುಂದೆ ಬಂತು. ತೊಳೆದು ಕುಂಕುಮ ಇಟ್ಟ ಸಲಿಕೆಗೆ ಮತ್ತೆ ಆ ಕೆಲಸ ಕೊಡಲು ಮನಸ್ಸಾಗಲಿಲ್ಲ. ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಬಾಚಿದೆ. ಗುಂಡಿಗೆ ಹಾಕಿ ಮೇಲೆ ಎಲೆ ಮುಚ್ಚಿದೆ.

ತಲೆ ಎತ್ತಿದರೆ ಗೇಟಿನಲ್ಲಿ ಅಕ್ಕ ಇನ್ನೂ ನಿಂತಿದ್ದಳು, ರಸ್ತೆಯ ಕಡೆ ಮುಖ ಮಾಡಿ.

“ಮೇಡಂ, ಅದ್ನ ನೀವ್ ಎತ್ಬ್ಯಾಡಿ.”

“ಎತ್ತಾಯ್ತು ಅಕ್ಕ.”

ಅವಳು ತಿರುಗಲಿಲ್ಲ.

“ಸಂಜೆ ಮನೆಗ್ ಬನ್ನಿ,” ಎಂದಳು. “ಉಪ್ಪು ಮೆಣಸಿನ್ಕಾಯ್ ತಗಂಡು ನಿಮ್ಗೆ ನಾನ್ ತೆಗೀತೀನಿ. ಆಮೇಕೆ ಕೂಸ್ನ ಎತ್ಕಳ್ರಂತೆ.”