ಪಾಳಿಯ ಸೈರನ್ ಕೂಗಿಸಿದ ಚಾಮಯ್ಯ

ಅಶೋಕಪುರಂನ ಚಾಮಯ್ಯನ ಮುತ್ತಾತ ಬೀರಯ್ಯ, ಪ್ಲೇಗು ಬಂದ ವರ್ಷ ಕೇರಿ ಕೇರಿ ಸುತ್ತಿ, ಮನೆ ಬಿಟ್ಟು ಬಯಲಿಗೆ ಹೋಗಿರೆಂದು ತಮಟೆ ಬಾರಿಸಿ ಸಾರಿದವನು. ಅಪ್ಪ ನಿಂಗಯ್ಯ ಎಪ್ಪತ್ತೊಂದರ ಯುದ್ಧದಲ್ಲಿ ದೀಪ ಆರಿಸಿರೆಂದು ಕತ್ತಲಲ್ಲಿ ಕೂಗುತ್ತ ಓಡಿ, ಚರಂಡಿಗೆ ಬಿದ್ದು ಕಾಲು ಮುರಿದುಕೊಂಡ. ಅಪಾಯ ಬಂದರೆ ಮೊದಲು ಬಾಯಿ ತೆರೆಯುವ ವಂಶ ಅದು. ಚಾಮಯ್ಯನ ಪಾಲಿಗೆ ಬಂದದ್ದು ಬಟ್ಟೆ ಗಿರಣಿಯ ಸೈರನ್. ಮೂವತ್ತೊಂದು ವರ್ಷ, ದಿನಕ್ಕೆ ಮೂರು ಪಾಳಿಗೂ ಅದನ್ನು ಕೂಗಿಸಿದ. ಆ ಸದ್ದಿಗೆ ನಾವೆಲ್ಲ ಬುತ್ತಿ ಹಿಡಿದು ಗೇಟಿಗೆ ಓಡುತ್ತಿದ್ದೆವು. ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು.

ಹೋದ ವರ್ಷ ಗಡಿಯಲ್ಲಿ ಕಾಳಗ ಶುರುವಾದಾಗ ಎಲ್ಲರ ಮೊಬೈಲಿಗೂ ಅಣುಬಾಂಬಿನ ಮಾತೇ ಬಂತು. ಮೈಸೂರಿನಲ್ಲಿ ಒಂದು ಹುಳವೂ ಉಳಿಯುವುದಿಲ್ಲವೆಂಬ ವೀಡಿಯೊ ನೋಡಿ, ಚಾಮಯ್ಯನ ಹತ್ತು ವರ್ಷದ ಮೊಮ್ಮಗಳು ಸಂಘಮಿತ್ರ ಎರಡು ದಿನ ಅನ್ನ ಮುಟ್ಟಲಿಲ್ಲ.

"ನಾನಿಲ್ವೇನವ್ವ? ಬಾಂಬು ಬಿದ್ರೆ ಏನ್ ಮಾಡ್ಬೇಕು ಅಂತ ನಾಳೆ ಸರ್ಕಾರದೋರ ತಾಲೀಮು ಐತೆ, ಸೈರನ್ ಕೂಗ್ಸೋಕೆ ನನ್ನೇ ಕರ್ದವ್ರೆ. ನಾನು ಸೈರನ್ ಕೂಗುಸ್ತಿದ್ದಂಗೆ ಬೀದೀಲಿ ಒಂದು ನರಪಿಳ್ಳೆ ಇರಕಿಲ್ಲ. ಎಲ್ಲಾ ಬಚಾವು. ಆಮೇಲಾದ್ರೂ ಉಣ್ತೀಯಾ?" ಎಂದ ಚಾಮಯ್ಯ.

"ಎಲ್ಲಾರೂ ಒಳಗೋದ್ರೆ ಉಣ್ತೀನಿ ತಾತ."

ತಾಲೀಮು ನಡೆಸಲು ಬಂದ ಅಧಿಕಾರಿ ವಿಜಯ್‌ಕುಮಾರ್, ಕೈಯಲ್ಲಿ ತಿರುಗಿಸುವ ಸೈರನ್ ಒಂದನ್ನು ಹಳೆಯ ಗಿರಣಿಯ ಗೇಟಿನ ಮುಂದೆ ಇಡಿಸಿದರು. ಅಪಾಯಕ್ಕೆ ಏರಿಸಿ ಇಳಿಸಿ ಕೂಗಿಸಬೇಕು, ಒಂದೇ ಸಮನೆ ಕೂಗಿಸಬಾರದು ಎಂದು ಎರಡು ಸಲ ಹೇಳಿದರು. ಚಾಮಯ್ಯ ಹೂಂ ಎಂದ. ನಾಲ್ಕು ಗಂಟೆಗೆ ಹಿಡಿ ಹಿಡಿದ. ಅವನ ಕೈ ಅವನ ಮಾತು ಕೇಳಲಿಲ್ಲ. ಪಾಳಿ ಕರೆಯುತ್ತಿದ್ದ ಹಾಗೆಯೇ ಒಂದೇ ಸಮನೆ ತಿರುಗಿಸಿಬಿಟ್ಟಿತು.

ಮುಚ್ಚಬೇಕಿದ್ದ ಬಾಗಿಲುಗಳು ತೆರೆದವು. ಬಿಳಿ ತಲೆಗಳೆಲ್ಲ ಬೀದಿಗೆ ಬಂದವು. ನಾನೂ ಗಿರಣಿಯ ಮಗ್ಗದ ಖಾತೆಯಲ್ಲಿ ದುಡಿದವನೇ. ಗೇಟಿನ ಮುಂದೆ ನಿಂತ ಮೇಲೆಯೇ ನನಗೆ ಎಚ್ಚರವಾದದ್ದು. ನೂಲಿನ ಖಾತೆಯ ಗುರುಸಿದ್ದಯ್ಯ ಒಂದು ಕಾಲಿಗೆ ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದ.

"ಯಾವ ಪಾಳಿಯೋ ಚಾಮ?"

"ಒಳಗೋಗ್ರೋ! ಅಣುಬಾಂಬು ಕಣ್ರೋ!"

"ಅದು ಆಮೇಲೆ ಬೀಳ್ಲಿ, ಮೊದ್ಲು ಗೇಟು ತೆಗ್ಸು. ಲೇಟಾದ್ರೆ ಮೇಸ್ತ್ರಿ ಬಯ್ತಾನೆ."

ಸಂಘಮಿತ್ರ ನಗುತ್ತ ನಗುತ್ತ ಹೊಟ್ಟೆ ಹಿಡಿದು ನೆಲಕ್ಕೆ ಕುಕ್ಕರಿಸಿದಳು. ಅಂದು ಸಂಜೆ ಎರಡು ಸಲ ಅನ್ನ ಬಡಿಸಿಕೊಂಡಳು. ಬೀದಿಯಲ್ಲಿ ಬಾಂಬಿನ ಮಾತು ಹೋಗಿ ಚಪ್ಪಲಿಯ ಮಾತು ಬಂತು.

ಚಾಮಯ್ಯ ಮಾತ್ರ ಜಗಲಿಯ ಮೇಲೆ ಮಂಕಾಗಿ ಕೂತಿದ್ದ. "ಮಗೀನ ಭಯ ಬುಡುಸ್ದೆ ಅನ್ಲಾ, ಊರಿನ ಬುದ್ದಿ ಕೆಡುಸ್ದೆ ಅನ್ಲಾ? ನಿಜವಾಗ್ಲೂ ಬಿದ್ ದಿನ ಇಂಗೇ ಈಚೆಗೆ ಬಂದ್ಬುಟ್ರೆ?"

ನಾನೂ ಅವನ ಪಕ್ಕ ಕೂತು ಲೆಕ್ಕ ಹಾಕಿದೆ. ಅಂಥ ಬಾಂಬಿಗೆ ಬಾಗಿಲು ಹಾಕಿಕೊಂಡರೆ ಎಷ್ಟು ಜನ ಉಳಿದಾರು, ಅದನ್ನು ಬಲ್ಲವರು ಯಾರು? ಅಂಜಿ ಉಪವಾಸ ಬಿದ್ದರೂ ಕೂಸು ಉಳಿಯುವುದಿಲ್ಲವಲ್ಲ. ಹೀಗೆಂದುಕೊಂಡರೆ ಹಾಗೆ, ಹಾಗೆಂದುಕೊಂಡರೆ ಹೀಗೆ.

ಮರುದಿನ ವಿಜಯ್‌ಕುಮಾರ್ ಚಾಮಯ್ಯನ ಮನೆಗೆ ಬಂದು, ಕಂಬಕ್ಕೊಂದು ಯಂತ್ರ ಕಟ್ಟಿಸುತ್ತೇವೆ, ತಾನಾಗಿಯೇ ಕೂಗುತ್ತದೆ, ಇನ್ನು ನೀವು ಆರಾಮವಾಗಿರಿ ಎಂದರು.

"ಬ್ಯಾಡಿ ಸಾರ್. ಸೈರನ್ ಯಾವ್ದು ಕೂಗಿದ್ರೂ ಇವ್ರು ಈಚೆಗೇ ಬತ್ತಾರೆ. ಮೂವತ್ತೊಂದು ವರ್ಸ ಈಚೆಗೆ ಕರ್ದೋನು ನಾನು. ಒಳಕ್ಕೋಗೋದನ್ನೂ ನಾನೇ ಮನೆಮನೆಗೆ ಹೋಗಿ ಕಲಿಸ್ಬೇಕು. ನಿಮ್ ಯಂತ್ರ ನೀವೇ ಮಡಿಕ್ಕಳಿ."