ಲಕ್ಷದ ಮೇಲೊಂದು

ಗಣಿತ ಓದಿದ, ಪಕ್ಕದ ಮನೆಯ ಶ್ರೀಪತಿ ಅಂಕಲ್ ನಮ್ಮ ಮನೆಗೆ ಬಂದರೆ, ಬೆಲ್ ಒತ್ತುವ ಮೊದಲೇ ನಮ್ಮ ಕಾರಿನ ನಂಬರನ್ನು ಮನಸ್ಸಿನಲ್ಲೇ ಭಾಗಿಸಿ ಮುಗಿಸಿರುತ್ತಿದ್ದರು. ಅವರ ಲೆಕ್ಕ ಇಷ್ಟು: ಹನ್ನೆರಡನ್ನು ಶೇಷವಿಲ್ಲದೆ ಭಾಗಿಸುವ ಒಂದು, ಎರಡು, ಮೂರು, ನಾಲ್ಕು, ಆರು ಕೂಡಿದರೆ ಹದಿನಾರು. ಹನ್ನೆರಡಕ್ಕಿಂತ ಹೆಚ್ಚಾಯಿತಲ್ಲ, ಅದಕ್ಕೆ ಅದು ‘ಸಮೃದ್ಧ ಸಂಖ್ಯೆ’. ಹದಿನಾಲ್ಕಕ್ಕೆ ಹಾಗೆಯೇ ಕೂಡಿದರೆ ಬರುವುದು ಬರೀ ಹತ್ತು. ಅದು ‘ಕೊರತೆಯ ಸಂಖ್ಯೆ’. ಈ ಪರದೇಶದ ಊರು ಎಲೆನ್‌ಬ್ರೂಕ್‌ನ ನಮ್ಮ ಬೀದಿಯಲ್ಲಿ ಅವರದು ಹನ್ನೆರಡನೇ ನಂಬರಿನ ಮನೆ, ನಮ್ಮದು ಹದಿನಾಲ್ಕು. ಹನ್ನೆರಡನ್ನು ತಾವೇ ಹೆತ್ತವರ ಹಾಗೆ ಬೀಗುತ್ತಿದ್ದರು.

"ನಿಮ್ಮದು ಕೊರತೆ ಮನೆ ಕಣಮ್ಮ," ಎನ್ನುವರು, ನನ್ನ ಚಿತ್ರಾನ್ನವನ್ನು ಎರಡನೇ ಸಲ ಬಡಿಸಿಕೊಳ್ಳುತ್ತಾ. ಬಡಿಸಲು ನನ್ನ ಪಾತ್ರೆಯಲ್ಲಿ ಇನ್ನೂ ಇತ್ತು, ದೇವರ ದಯೆ.

ಎದುರುಮನೆಯ ವಾಣಿ ಬಸುರಿ. ಬಿಪಿ ಏರಿ, ಡಾಕ್ಟರು ಮಲಗಿರಲು ಹೇಳಿದ್ದರು. ಮೈಸೂರಿನಿಂದ ಬಂದಿದ್ದ ಅವಳ ತಾಯಿ ಕಮಲಾಕ್ಷಿ ಆಂಟಿ, ತಾಯಿ ಮಗು ಕ್ಷೇಮವಾಗಿರಲೆಂದು ಲಕ್ಷಬತ್ತಿಯ ಹರಕೆ ಹೊತ್ತರು. ನಾವು ಹೆಂಗಸರೆಲ್ಲ ತಿಂಗಳುಗಟ್ಟಲೆ ಹತ್ತಿ ಹೊಸೆದೆವು. ಶುಭಕ್ಕೆಂದು ಲಕ್ಷದ ಮೇಲೆ ಇನ್ನೊಂದು ಇರಬೇಕಲ್ಲ, ಅದನ್ನು ವಾಣಿಯೇ ಮಲಗಿದಲ್ಲಿ ಹೊಸೆದಳು.

ವಾಣಿ ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬತ್ತಿಗಳನ್ನೆಲ್ಲ ತುಪ್ಪದಲ್ಲಿ ನೆನೆಸಿ, ಅವಳ ಮನೆ ಹಿಂದಿನ ಪ್ಯಾಟಿಯೋದಲ್ಲಿ ಹಚ್ಚಲು ಇಟ್ಟಿದ್ದೆವು. ವಾಣಿಯ ಬತ್ತಿ ಬೆಳ್ಳಿಬಟ್ಟಲಲ್ಲಿ ಬೇರೆ ಇತ್ತು. ಅಷ್ಟರಲ್ಲಿ ಅಂಕಲ್ ಬಂದರು.

"ಎಷ್ಟಾಯ್ತು?"

"ಲಕ್ಷದ ಮೇಲೊಂದು," ಎಂದರು ಆಂಟಿ.

"ಅಯ್ಯೋ, ಕೆಡಿಸಿಬಿಟ್ರಲ್ಲ! ಲಕ್ಷ ಸಮೃದ್ಧ ಸಂಖ್ಯೆ ರೀ. ಒಂದು ಸೇರಿಸಿದ್ದೇ ಹನ್ನೊಂದು ಇಂಟು ಒಂಬತ್ತು ಸಾವಿರದ ತೊಂಬತ್ತೊಂದು ಆಗೋಯ್ತು. ಭಾಜಕಗಳನ್ನ ಕೂಡಿದ್ರೆ ಹತ್ತು ಸಾವಿರಾನೂ ಮುಟ್ಟಲ್ಲ. ಭಾರೀ ಕೊರತೆ! ಅದೊಂದನ್ನ ತೆಗೆದುಬಿಡಿ."

ಆಂಟಿಯ ಮುಖ ಬಿಳಚಿಕೊಂಡಿತು. "ಕೊರತೆ ಅಂದ್ರೆ... ಮಗೂಗೆ ಏನಾದ್ರೂ..." ಎನ್ನುತ್ತಾ ಬಟ್ಟಲಿಗೆ ಕೈ ಹಾಕಿದರು.

"ಅಮ್ಮಾ, ಅದು ನಂದು. ತೆಗೀಬೇಡ," ಎಂದಳು ವಾಣಿ, ಒಳಗಿನ ಸೋಫಾದಿಂದ.

ನನಗೆ ತಡೆಯಲಾಗಲಿಲ್ಲ. "ಅಂಕಲ್, ಕೊರತೆ ಅಂದ್ರೆ ಕೆಟ್ಟದ್ದಾ?"

"ಛೆ ಛೆ, ಕೆಟ್ಟದ್ದೇನಿಲ್ಲಮ್ಮ. ಅದೊಂದು ವರ್ಗ ಅಷ್ಟೆ. ಅವಿಭಾಜ್ಯ ಸಂಖ್ಯೆಗಳೆಲ್ಲ ಕೊರತೆಯವೇ."

"ಮತ್ಯಾಕೆ ತೆಗೀಬೇಕು?"

"ಲೆಕ್ಕಕ್ಕೆ ಚೆನ್ನಾಗಿರುತ್ತಲ್ಲ!"

ಅವರ ಲೆಕ್ಕ ಚೆನ್ನಾಗಿರಲೆಂದು ಒಬ್ಬ ತಾಯಿಯ ಜೀವ ಬಾಯಿಗೆ ಬಂದಿತ್ತು. ಗಣಿತ ಅಷ್ಟು ಓದಿದ ತಲೆಗೆ ಇಷ್ಟು ಹೊಳೆಯಬಾರದೇ? "ನಮ್ಮ ದೇವರಿಗೆ ಭಾಗಾಕಾರ ಬೇಡ, ನೀವು ಕೂತ್ಕೊಳಿ," ಎಂದೆ. ಆಂಟಿ ಕಣ್ಣೊರೆಸಿಕೊಂಡು ಮಗಳ ಬತ್ತಿಯನ್ನೇ ಮೊದಲು ಹಚ್ಚಿದರು.

ಹೆಣ್ಣು ಮಗು. ತಾಯಿಗೂ ಏನೂ ಆಗಲಿಲ್ಲ. ಇಷ್ಟು ಕೊಟ್ಟ ದೇವರಿಗೆ ದಿನಾ ಕೈಮುಗಿಯುತ್ತೇನೆ.

ದೂರದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿರುವ ತಮ್ಮ ಮಗಳ ಮನೆಗೆ ಅಂಕಲ್ ಹೊರಟುನಿಂತಾಗ ಮಗುವನ್ನು ನೋಡಲು ಬಂದರು. ಬಂದವರೇ ಕನ್ನಡಕ ಸರಿಮಾಡಿಕೊಂಡು, ಮಗುವಿನ ಕಾಲಿನಲ್ಲಿ ಇನ್ನೂ ಇದ್ದ ಆಸ್ಪತ್ರೆಯ ಪಟ್ಟಿಯ ನಂಬರಿಗೆ ಬಗ್ಗಿದರು. ಆಂಟಿ ಸೆರಗನ್ನು ಆ ಕಾಲಿನ ಮೇಲೆ ಹೊದಿಸಿದರು.

"ಮುಖ ನೋಡಿ ಶ್ರೀಪತಿಯವರೇ, ಮುಖ."

ನೋಡಿದರು. ಮಗು ಆಕಳಿಸಿತು. ಅಂಕಲ್ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ನಮ್ಮನ್ನೊಮ್ಮೆ ನೋಡಿ, ತಮ್ಮ ಒಂದು ಬೆರಳನ್ನು ಅದರ ಮುಷ್ಟಿಯೊಳಗೆ ಇಟ್ಟರು.